ಹಿಂದಿನ ಬೆಂಚಲ್ಲಿ ಕೂತು ಮೊದಲು ಕೂಗೋ ಅಕ್ಷರ

ಮೊದಲೇ ಹೇಳ್ಬಿಡ್ತೀನಿ, ಇದನ್ನ ನಾನು ಕೈಯಲ್ಲಿ ಟೈಪ್ ಮಾಡ್ತಿಲ್ಲ. ಫೋನ್ ಬಾಯಿ ಹತ್ರ ಹಿಡ್ಕೊಂಡು ಹೇಳ್ತಾ ಹೋಗ್ತೀನಿ, ಅದು ಅಕ್ಷರ ಮಾಡ್ಕೊಳ್ಳುತ್ತೆ, ಆಮೇಲೆ ನನ್ ಹೆಂಡತಿ ಒಂದ್ಸಲ ಕಣ್ಣಾಡಿಸ್ತಾಳೆ. ಹಂಗಾಗಿ ಎಲ್ಲಾದ್ರೂ ಒತ್ತಕ್ಷರ ತಪ್ಪಿದ್ರೆ ಫೋನನ್ನೋ ಅವಳನ್ನೋ ಬೈಕೊಳ್ಳಿ, ನಾನಂತೂ ಸಿಗಲ್ಲ. ನನಗೀಗ 46. ಓದೋದು ಈಗ್ಲೂ ನಿಧಾನ. ಬಸ್ ಬೋರ್ಡ್ ಓದೋ ಅಷ್ಟೊತ್ತಿಗೆ ಬಸ್ ಹೋಗಿರುತ್ತೆ, ಅದಕ್ಕೇ ನಂಬರ್ ನೋಡ್ಕೊಂಡು ಹತ್ತೋದು.

ಮೈಸೂರಿನ ಕೆ.ಜಿ. ಕೊಪ್ಪಲಲ್ಲಿ ನಮ್ಮಪ್ಪಂದು ಒಂದು ದಿನಸಿ ಅಂಗಡಿ ಇತ್ತು. ಅಂಗಡಿ ಅಂದ್ರೆ ದೊಡ್ಡದೇನಲ್ಲ, ಮನೆಯ ಮುಂದಿನ ರೂಮು, ಹಲಗೆ ಬಾಗಿಲು, ಒಳಗೆ ಅಕ್ಕಿ ಬೇಳೆ ಗೋಣಿಚೀಲ, ಗೋಡೆ ಉದ್ದಕ್ಕೂ ಸ್ಟ್ಯಾಂಡು. ನಾನು ಸ್ಕೂಲಿಗೆ ಸೇರೋಕೆ ಮುಂಚೆನೇ ಆ ಸ್ಟ್ಯಾಂಡು ನನಗೆ ಬಾಯಿಪಾಠ. ಯಾರಾದ್ರೂ "ಒಂದು ಲೈಫ್‌ಬಾಯ್ ಕೊಡೋ ಮಗ" ಅಂದ್ರೆ ಕೆಂಪು, "501 ಬಾರು" ಅಂದ್ರೆ ಉದ್ದದ್ದು, ಅದನ್ನ ದಾರದಲ್ಲಿ ಕತ್ತರಿಸಿ ಅರ್ಧ ಕೊಡಬೇಕು. ಬೆಂಕಿಪೊಟ್ಟಣ ಅಂದ್ರೆ ಹಡಗಿನ ಚಿತ್ರದ್ದು. ಡಾಲ್ಡಾ ಅಂದ್ರೆ ಯಾವ ಕಂಪನಿದಾದ್ರೂ ಸರಿ. ಬಂದೋರೆಲ್ಲ "ಎಷ್ಟು ಚುರುಕು ನಿಮ್ ಹುಡ್ಗ, ಈಗ್ಲೇ ಎಲ್ಲಾ ಓದ್ತಾನೆ" ಅಂತಿದ್ರು. ಅಪ್ಪ ಮೀಸೆ ತಿರುವೋರು.

ಓದ್ತಿರ್ಲಿಲ್ಲ ನಾನು. ಒಂದಕ್ಷರನೂ ಓದ್ತಿರ್ಲಿಲ್ಲ.

ಇದನ್ನ ಯಾಕೆ ಒತ್ತಿ ಹೇಳ್ತೀನಂದ್ರೆ ಇವತ್ತೂ ಮೂರು ವರ್ಷದ ಮಗು ಚಿಪ್ಸ್ ಪ್ಯಾಕೆಟ್ ತೋರಿಸಿ ಹೆಸರು ಹೇಳಿದ್ರೆ ಅಪ್ಪ ಅಮ್ಮ ವಿಡಿಯೋ ಮಾಡಿ ಹಾಕ್ತಾರೆ, ನಮ್ ಮಗು ಓದುತ್ತೆ ಅಂತ. ಅದು ಓದಲ್ಲ ಸ್ವಾಮಿ, ಮುಖ ಗುರುತು ಹಿಡಿಯೋದು ಅಷ್ಟೇ. ಹಳೇ ಕಾಲದ ಮಾರ್ಕುಗಳೆಲ್ಲ ಇದ್ದಿದ್ದೇ ಹಂಗೆ, ಆನೆ ಮಾರ್ಕು, ಕುದುರೆ ಮಾರ್ಕು, ದೀಪದ ಮಾರ್ಕು. ನಮ್ಮ ಮೈಸೂರಲ್ಲೇ 1948ರಲ್ಲಿ ಎನ್. ರಂಗರಾವ್ ಅವರು ಶುರು ಮಾಡಿದ ಊದುಬತ್ತಿಗೆ ಸೈಕಲ್ ಅಂತ ಹೆಸರು, ಮೇಲೆ ಸೈಕಲ್ ಚಿತ್ರ, ಯಾವ ಭಾಷೆಯೋನು ಬಂದ್ರೂ ಬೆರಳು ತೋರಿಸಿ ತಗೊಂಡು ಹೋಗಬೋದು. ಓದು ಬರದೇ ಇರೋರಿಗೂ ಸಾಮಾನು ಮಾರಬೇಕಲ್ಲ. ಆ ಓದು ಬರದೇ ಇರೋರಲ್ಲಿ ನಾನೂ ಒಬ್ಬ ಅನ್ನೋದು ಯಾರಿಗೂ ಗೊತ್ತಾಗ್ಲಿಲ್ಲ, ನನಗೂ ಗೊತ್ತಿರ್ಲಿಲ್ಲ.

ನಮ್ಮನೇಲಿ ಯಾವ ಸಾಮಾನು ಯಾರಿಗೆ ಅಂತ ಒಂದು ಲೆಕ್ಕ ಇತ್ತು. ಅಂಗಡಿ ಮನೆಯವರು ಅಂದ್ರೆ ಎಲ್ಲಾ ಬಳಸ್ತಾರೆ ಅಂದ್ಕೋಬೇಡಿ, ಸುಳ್ಳು. ಅಪ್ಪ ಗಾಡಿ ಸಾಮಾನು ಇಳಿಸಿ ಬಂದ್ರೆ ಲೈಫ್‌ಬಾಯ್. ಅಮ್ಮ ಅಕ್ಕಂಗೆ ಹಮಾಮ್. ಮೈಸೂರ್ ಸ್ಯಾಂಡಲ್ ಅಂದ್ರೆ ಹಬ್ಬಕ್ಕೆ, ಇಲ್ಲ ಭಾವ ಬಂದಾಗ, ಬಚ್ಚಲಲ್ಲಿ ಇಟ್ಟು ಅವರು ಹೋದ ತಕ್ಷಣ ಅಮ್ಮ ಒರೆಸಿ ವಾಪಸ್ ಡಬ್ಬಿಗೆ ಹಾಕೋಳು. ಆ ಡಬ್ಬಿ ಮೇಲಿರೋದನ್ನ ನಾನು ಆನೆ ಅಂದ್ಕೊಂಡಿದ್ದೆ, "ಆನೆ ಸೋಪು" ಅಂತಿದ್ದೆ. ಅದು ಶರಭ ಅಂತೆ, ಆನೆ ತಲೆ ಸಿಂಹದ ಮೈ. 1916ರಲ್ಲಿ ನಾಲ್ವಡಿಯವರ ಕಾಲದಲ್ಲಿ ಸರ್ಕಾರವೇ ಶುರು ಮಾಡಿದ ಕಾರ್ಖಾನೆದು ಅಂತೆಲ್ಲ ಗೊತ್ತಾಗಿದ್ದು ಎಷ್ಟೋ ವರ್ಷ ಆದ್ಮೇಲೆ. ಇನ್ನು ಹಲ್ಲುಜ್ಜೋಕೆ ಎಲ್ಲರಿಗೂ ಒಂದೇ, ಗುಲಾಬಿ ಬಣ್ಣದ ನಂಜನಗೂಡು ಹಲ್ಲುಪುಡಿ. ಅಕ್ಕ ಕಾಲೇಜಿಗೆ ಹೋಗೋಕೆ ಶುರು ಮಾಡಿದ್ಮೇಲೆ ಅವಳಿಗೊಂದು ಕೋಲ್ಗೇಟ್ ಬಂತು, ಅದನ್ನ ಅವಳು ಟ್ರಂಕಲ್ಲಿ ಬೀಗ ಹಾಕಿಡ್ತಿದ್ಲು. ಈ ಹಲ್ಲುಪುಡಿ ನೆನಪಲ್ಲಿಟ್ಕೊಳ್ಳಿ, ಮುಂದೆ ಬರುತ್ತೆ.

ಸ್ಕೂಲಿಗೆ ಸೇರಿದ್ದು 1985ರಲ್ಲಿ. ಮೊದಲೆರಡು ವರ್ಷ ಹೆಂಗೋ ಹೋಯ್ತು. ಅಕ್ಕ ಸಂಜೆ ಪಾಠ ಗಟ್ಟಿಯಾಗಿ ಓದ್ತಿದ್ಲು, ನಾನು ಕೇಳಿಸ್ಕೊಂಡು ಪೂರ್ತಿ ಬಾಯಿಪಾಠ ಮಾಡ್ಕೊಂಡು ಮಾರನೇ ದಿನ ಕ್ಲಾಸಲ್ಲಿ ಪುಸ್ತಕದ ಮೇಲೆ ಬೆರಳು ಓಡಿಸ್ತಾ ಒಪ್ಪಿಸ್ತಿದ್ದೆ, ಬೆರಳು ಎಲ್ಲೋ, ಬಾಯಿ ಎಲ್ಲೋ. ಮೂರನೇ ಕ್ಲಾಸಲ್ಲಿ ಮೇಷ್ಟ್ರು ಒಬ್ಬರು "ಎರಡನೇ ಪ್ಯಾರಾದಿಂದ ಓದೋ" ಅಂದ್ರು. ಮುಗೀತು. ಮೊದಲಿಂದ ಶುರು ಮಾಡದೆ ನನಗೆ ಎರಡನೇ ಪ್ಯಾರಾ ಬರಲ್ಲ. ಪುಸ್ತಕ ನೋಡಿದ್ರೆ ಮ ವ ಎರಡೂ ಒಂದೇ ಥರ, ಬಾಲ ಇದ್ಯೋ ಇಲ್ವೋ ಅಷ್ಟೇ. ದ ಹೊಟ್ಟೆ ಕೆಳಗೆ ಸೀಳಿದ್ರೆ ಧ, ಪ ಒಳಗೆ ಗೆರೆ ಎಳೆದ್ರೆ ಷ. ಒಂದು ಚಿಕ್ಕ ಗೀಟಿಗೆ ಇಡೀ ಅಕ್ಷರದ ಹೆಸರೇ ಬದಲಾಗುತ್ತೆ ಅನ್ನೋದು ನನಗೆ ಅನ್ಯಾಯ ಅನ್ನಿಸ್ತಿತ್ತು. ಎಮ್ಮೆ ಕೊಂಬು ಮುರಿದ್ರೆ ಅದನ್ನ ಹಸು ಅಂತೀವಾ? ಬೆತ್ತದ ಏಟು, ಬೆಂಚಿನ ಮೇಲೆ ನಿಲ್ಲೋದು, ಮೊದ್ದು, ಸೋಂಬೇರಿ, ಇವೆಲ್ಲ ಆಯ್ತು. ಅದರ ಬಗ್ಗೆ ಜಾಸ್ತಿ ಹೇಳಲ್ಲ, ನನ್ನಂಥೋರಿಗೆಲ್ಲ ಅದು ಗೊತ್ತಿರೋದೇ.

ಅಂಗಡಿಯಲ್ಲಿ ಮಾತ್ರ ಸಿಕ್ಕಿಹಾಕ್ಕೊಂಡಿರ್ಲಿಲ್ಲ. ಚಿಲ್ಲರೆ ಲೆಕ್ಕ ಬಾಯಲ್ಲೇ ಮಾಡ್ತಿದ್ದೆ, ಅದರಲ್ಲಿ ಅಪ್ಪಂಗಿಂತ ಫಾಸ್ಟ್. ಯಾರಾದ್ರೂ ಸಾಮಾನಿನ ಚೀಟಿ ಕೊಟ್ರೆ "ಬಾಯಲ್ಲಿ ಹೇಳಕ್ಕ, ಇಲ್ಲಿ ಕತ್ತಲು" ಅಂತಿದ್ದೆ.

1988ರಲ್ಲಿ, ನಾನು ನಾಲ್ಕನೇ ಕ್ಲಾಸು. ಅಪ್ಪ ಸಂತೆಪೇಟೆಗೆ ಹೋಲ್‌ಸೇಲ್ ಸಾಮಾನು ತರೋಕೆ ಹೋಗಿದ್ರು. ಮಧ್ಯಾಹ್ನ ಒಬ್ಬ ಸೈಕಲ್ ಕ್ಯಾರಿಯರ್ ಮೇಲೆ ದೊಡ್ಡ ರಟ್ಟಿನ ಬಾಕ್ಸ್ ಕಟ್ಕೊಂಡು ಬಂದ. ನಿಮ್ಮಪ್ಪ ಹೇಳಿದ್ರು, ನಿರ್ಮಾ ಸ್ಟಾಕು, ಇವತ್ತು ಕಡಿಮೆ ರೇಟು ಅಂದ. ಬಾಕ್ಸ್ ಬಿಚ್ಚಿ ತೋರಿಸಿದ. ಹಳದಿ ಪ್ಯಾಕೆಟ್ಟು, ಬಿಳಿ ಫ್ರಾಕ್ ಹಾಕ್ಕೊಂಡು ತಿರುಗ್ತಿರೋ ಹುಡುಗಿ. ನಾನು ದೊಡ್ಡ ಮನುಷ್ಯನ ಥರ ಗಲ್ಲಾ ತೆಗೆದು 140 ರೂಪಾಯಿ ಎಣಿಸಿ ಕೊಟ್ಟೆ, ಸಾಲದ್ದಕ್ಕೆ ಪ್ಯಾಕೆಟ್ ಎಣಿಸಿ ಒಂದು ಕಡಿಮೆ ಇದೆ ಅಂತ ಜಗಳ ಬೇರೆ ಮಾಡಿ ಒಂದು ಇಸ್ಕೊಂಡೆ.

ಅಪ್ಪ ಸಂಜೆ ಬಂದ್ರು. ಬಾಕ್ಸ್ ನೋಡಿದ್ರು. ಒಂದು ಪ್ಯಾಕೆಟ್ ಕೈಗೆತ್ಕೊಂಡ್ರು, ಸ್ಟ್ಯಾಂಡಿಂದ ಹಳೇ ಸ್ಟಾಕಿಂದು ಒಂದು ತಗೊಂಡು ಪಕ್ಕ ಇಟ್ರು. ಹೊಡೀತಾರೆ ಅಂತ ನಾನು ಬಾಗಿಲ ಕಡೆ ಸರಿದೆ. ಹೊಡೀಲಿಲ್ಲ. "ಬಾ ಇಲ್ಲಿ, ಎರಡರಲ್ಲಿ ಏನು ವ್ಯತ್ಯಾಸ ಹೇಳು" ಅಂದ್ರು. ನೋಡಿದೆ. ಹಳದಿ, ಹುಡುಗಿ, ಫ್ರಾಕು. "ಏನೂ ಇಲ್ವಲ್ಲಪ್ಪ." ಅವರು ಬೆರಳಿಟ್ಟು ಹೆಸರು ತೋರಿಸಿದ್ರು. "ಇದು ಓದು." ನಿರ್ಮಾ ಅಂದೆ. "ಇದು?" ನಿರ್ಮಾ ಅಂದೆ. ಅಪ್ಪ ಸುಮಾರು ಹೊತ್ತು ಮಾತಾಡಲಿಲ್ಲ. ನಕಲಿ ಪ್ಯಾಕೆಟ್ಟಲ್ಲಿ ಅಕ್ಷರನೇ ಬೇರೆ ಇತ್ತು, ಒಂದು ಆಚೀಚೆ ಮಾಡಿ ಬೇರೆ ಹೆಸರು ಹಾಕಿದ್ರು. 140 ರೂಪಾಯಿ ಹೋದದ್ದಕ್ಕೆ ಬೇಜಾರು ಇದ್ದೇ ಇತ್ತು ಅವರಿಗೆ, ಆದ್ರೆ ರಾತ್ರಿ ಅಮ್ಮನ ಹತ್ರ ಹೇಳಿದ್ದು ನನಗೆ ಕೇಳಿಸ್ತು, "ಇವನು ಕಳ್ಳಾಟ ಆಡ್ತಿಲ್ಲ ಕಣೇ, ಇವನಿಗೆ ಕಾಣಿಸ್ತಾನೇ ಇಲ್ಲ."

ಮಾರನೇ ದಿನ ಕಣ್ಣಿನ ಡಾಕ್ಟ್ರ ಹತ್ರ ಕರ್ಕೊಂಡು ಹೋದ್ರು. ಕಣ್ಣು ಸರಿಯಾಗಿತ್ತು. ಆಮೇಲೆ ದೇವಸ್ಥಾನ, ತಾಯತ, ದಿನಾ ಬೆಳಿಗ್ಗೆ ನೆನೆಸಿದ ಬಾದಾಮಿ. ಬುದ್ಧಿ, ಕಣ್ಣು ಎಲ್ಲಾ ಸರಿ ಇದ್ರೂ ಓದೋಕೆ ಬರೆಯೋಕೆ ಕಷ್ಟ ಆಗೋದಕ್ಕೆ ಡಿಸ್ಲೆಕ್ಸಿಯಾ ಅಂತಾರೆ, ಆ ಪದ ನಮ್ಮ ಬೀದಿಯಲ್ಲಿ ಯಾರ ಬಾಯಲ್ಲೂ ಕೇಳಿರ್ಲಿಲ್ಲ. ಕೊನೆಗೆ ಕೈ ಹಾಕಿದ್ದು ನಮ್ಮತ್ತೆ, ಅಪ್ಪನ ತಂಗಿ, ಗಂಡ ತೀರಿಕೊಂಡ ಮೇಲೆ ನಮ್ಮನೆ ಹಿಂದಿನ ರೂಮಲ್ಲಿದ್ರು. ಓದಿದ್ದು ಏಳನೇ ಕ್ಲಾಸು, ಕೆಲಸ ಊದುಬತ್ತಿ ಹೊಸೆಯೋದು. ಬಿದಿರು ಕಡ್ಡಿ, ಇದ್ದಿಲಪುಡಿ, ಜಿಗಟು ಪುಡಿ ಕೊಟ್ಟು ಹೋಗೋರು, ನೀರು ಹಾಕಿ ನಾದಿ ಮಣೆ ಮೇಲೆ ಕಡ್ಡಿಗೆ ಹೊಸೆದು ಸಾವಿರದ ಲೆಕ್ಕದಲ್ಲಿ ವಾಪಸ್ ಕೊಡೋದು. ಆಗ ಮೈಸೂರಲ್ಲಿ ಎಷ್ಟೋ ಮನೆಯ ಹೆಂಗಸರ ಕೈ ಕಪ್ಪಾಗೇ ಇರ್ತಿತ್ತು.

ಅತ್ತೆ ಮೊದಲು ಮಾಡಿದ ಕೆಲಸ ನನ್ನ ಬಣ್ಣ ಕಿತ್ಕೊಂಡಿದ್ದು. "ನಿಂಗೆ ಯಾವುದು ಚೆನ್ನಾಗಿ ಗೊತ್ತು" ಅಂದ್ರು, ನಾನು ಹಲ್ಲುಪುಡಿ ತೋರಿಸಿದೆ. ಅದರ ಮೇಲೆ ಎಣ್ಣೆ ಸವರಿದ ತೆಳು ಕಾಗದ ಇಟ್ಟು ಹೆಸರನ್ನ ಮಾತ್ರ ಪೆನ್ಸಿಲಲ್ಲಿ ತೆಗೆದು, ಕಾಗದ ನನ್ನ ಮುಂದೆ ಹಿಡಿದು "ಏನಿದು" ಅಂದ್ರು. ಗೊತ್ತಾಗ್ಲಿಲ್ಲ! ದಿನಾ ಬೆಳಿಗ್ಗೆ ಬಾಯಿಗೆ ಹಾಕ್ಕೊಳ್ಳೋದು, ಗುಲಾಬಿ ಬಣ್ಣ ತೆಗೆದ್ರೆ ಗುರುತೇ ಇಲ್ಲ. ಅವತ್ತು ನನಗೆ ಮೊದಲ ಸಲ ಅಳು ಬಂತು, ಮೇಷ್ಟ್ರ ಏಟಿಗೂ ಹಂಗೆ ಅತ್ತಿರ್ಲಿಲ್ಲ. ಅತ್ತೆ ಸಮಾಧಾನ ಗಿಮಾಧಾನ ಏನೂ ಮಾಡ್ಲಿಲ್ಲ, ಕರಿ ಹಿಟ್ಟಿನ ಉಂಡೆ ಕೈಗೆ ಕೊಟ್ಟು "ಮೊದಲು ನ ಮಾಡು" ಅಂದ್ರು.

ಊದುಬತ್ತಿ ಹಿಟ್ಟನ್ನ ಬೆರಳಲ್ಲಿ ಉದ್ದಕ್ಕೆ ಹೊಸೆದು, ಮಣೆ ಮೇಲೆ ಬಗ್ಗಿಸಿ ಅಕ್ಷರ ಮಾಡೋದು. ಎಲ್ಲಿಂದ ಶುರು, ಎಲ್ಲಿ ತಿರುವು, ಎಲ್ಲಿ ತಲೆಕಟ್ಟು, ಎಲ್ಲಾ ಬೆರಳಿಗೆ ಗೊತ್ತಾಗಬೇಕು. ಆಮೇಲೆ ಕಣ್ಣು ಮುಚ್ಚಿಸಿ ಬೆರಳಲ್ಲಿ ಸವರಿ ಹೇಳಿಸೋರು. ಮಾಡ್ತಾ ಮಾಡ್ತಾ ಬಾಯಲ್ಲಿ ಹೇಳಲೇಬೇಕು, ಸುಮ್ನೆ ಮಾಡಿದ್ರೆ ಅಳಿಸಿ ಉಂಡೆ ಮಾಡಿಬಿಡೋರು. ನಂಜನಗೂಡು ಪದ ನೋಡಿ, ಅದರಲ್ಲಿ ಒಂದೂ ಒತ್ತಕ್ಷರ ಇಲ್ಲ, ಒಂದು ಸೊನ್ನೆ, ಎರಡು ಕೊಂಬು, ಎರಡು ಸಲ ನ. ಅತ್ತೆ ಅದನ್ನ ಬೇಕಂತಲೇ ಆರಿಸಿದ್ರೋ ನಾನು ತೋರಿಸಿದ್ದಕ್ಕೋ ಗೊತ್ತಿಲ್ಲ. ಆರೇಳು ವಾರ ಅದೊಂದೇ ಪದ. ಆಮೇಲೆ ಅದನ್ನ ಮುರಿಯೋಕೆ ಶುರು ಮಾಡಿದ್ರು. ಮುಂದಿನ ಎರಡು ಇಟ್ಟು ಉಳಿದದ್ದು ಮುಚ್ಚಿದ್ರೆ ನಂಜ, ನಮ್ಮ ಅಂಗಡಿಗೆ ಬರ್ತಿದ್ದ ಹಮಾಲಿ ಹೆಸರು. ನಡುವಿನದು ಜನ. ಹಿಂದಿನದು ಗೂಡು. ನನಗೆ ಆವಾಗ ತಲೇಲಿ ಏನೋ ತೆಗೆದಂಗಾಯ್ತು, ಅಂದ್ರೆ ಈ ಹಲ್ಲುಪುಡಿ ಒಳಗೆ ಇಷ್ಟು ಜನ ಕೂತಿದಾರಾ ಅಂತ. ಅಲ್ಲೀವರೆಗೂ ಹೆಸರು ಅಂದ್ರೆ ಒಂದೇ ತುಂಡು ಅಂದ್ಕೊಂಡಿದ್ದೆ, ಸೋಪಿನ ಥರ. ಬಿಚ್ಚಬೋದು, ಬೇರೆ ಕಡೆ ಜೋಡಿಸಬೋದು ಅಂತ ಗೊತ್ತಾಗಿದ್ದೇ ಅವತ್ತು.

ಆಮೇಲೆ ಸೈಕಲ್, ಐತ್ವ ಕಲಿಯೋಕೆ. ಅಮೃತಾಂಜನ, ಆ ಮ ಕೆಳಗೆ ಬರೋ ಬಾಲಕ್ಕೆ, ಒಂದು ತಿಂಗಳು ಹಿಡೀತು. ಬೀಡಿ ಕಟ್ಟಿನ ಕಾಗದ ಕೂಡ ಬಿಡ್ಲಿಲ್ಲ, ಕನ್ನಡ ದಪ್ಪಕ್ಕೆ ಇರ್ತಿದ್ದಿದ್ದೇ ಅದರಲ್ಲಿ. ಅಮ್ಮಂಗೆ ಸಿಟ್ಟು, ಮಗ ಬೀಡಿ ಕಾಗದ ಹಿಡ್ಕೊಂಡು ಓಡಾಡ್ತಾನೆ ಅಂತ. ಪ್ರತಿ ಸಲನೂ ಅದೇ ಪದ್ಧತಿ, ಮೊದಲು ಕಾಗದ ಬಣ್ಣದ ಸಮೇತ, ಆಮೇಲೆ ಬಣ್ಣ ಇಲ್ಲದೆ ಪೆನ್ಸಿಲಲ್ಲಿ, ಆಮೇಲೆ ಹಿಟ್ಟಲ್ಲಿ, ಕೊನೆಗೆ ಮುರಿದು ಬೇರೆ ಪದ. ಎಲ್ಲಾ ದಿನ ಚೆನ್ನಾಗಿ ಆಗ್ತಿತ್ತು ಅಂತಲ್ಲ. ನಿನ್ನೆ ಬಂದಿದ್ದು ಇವತ್ತು ಬರ್ತಿರ್ಲಿಲ್ಲ. ಹಿಟ್ಟು ಒಣಗಿದ್ರೆ ಕೆಲಸದ ಹಿಟ್ಟು ಹಾಳಾಯ್ತು ಅಂತ ಅತ್ತೆ ಬೈಯೋರು, ಲೆಕ್ಕದಲ್ಲಿ ಕಡ್ಡಿ ಕಮ್ಮಿ ಬಂದ್ರೆ ಅವರ ಕೂಲಿಗೆ ಹೊಡೆತ. ನನ್ನ ಅಕ್ಷರ ಪೂರ್ತಿ ಅವರ ಕೂಲಿಯಲ್ಲೇ ಆಗಿದ್ದು ಅನ್ನೋದು ನನಗೆ ಲೆಕ್ಕ ಹಾಕೋಕೆ ಬಂದದ್ದು ದೊಡ್ಡೋನಾದ್ಮೇಲೆ.

ನಿರ್ಮಾ ಮಾತ್ರ ಅವರು ಕೊನೆಗೆ ಇಟ್ಕೊಂಡಿದ್ರು. ಅದರಲ್ಲಿ ಅರ್ಕಾವತ್ತು. ಕನ್ನಡ ಓದೋಕೆ ಕಷ್ಟ ಇಲ್ದೇ ಇರೋರಿಗೆ ಇದು ಅರ್ಥ ಆಗಲ್ಲ. ಬಾಯಲ್ಲಿ ರ್ ಮೊದಲು ಬರುತ್ತೆ, ಮಾ ಆಮೇಲೆ. ಕಾಗದದ ಮೇಲೆ ಮಾ ಮೊದಲು, ಆ ರ್ ಅದರ ಹಿಂದೆ. ಕಣ್ಣು ಒಂದು ದಿಕ್ಕು, ನಾಲಿಗೆ ಒಂದು ದಿಕ್ಕು. ನಾನು ಅದನ್ನ ನಿಮಾರ್ ಅಂತ ಓದ್ತಿದ್ದೆ, ಇರೋ ಕ್ರಮದಲ್ಲಿ ಓದಿದ್ರೆ ಅದೇ ಸರಿ ತಾನೆ? ಅತ್ತೆ ಕರಿ ಹಿಟ್ಟಲ್ಲಿ ಆ ಸುರುಳಿ ಮಾಡಿ ಮಣೆ ತುದೀಲಿ ಇಟ್ಟು ಹೇಳಿದ್ರು, "ಇವನು ಹಿಂದಿನ ಬೆಂಚಲ್ಲಿ ಕೂತಿರ್ತಾನೆ ಪುಟ್ಟ, ಆದ್ರೆ ಮೇಷ್ಟ್ರು ಕೇಳಿದ್ರೆ ಎಲ್ಲರಿಗಿಂತ ಮೊದಲು ಕೂಗ್ತಾನೆ." ನಾನೂ ಹಿಂದಿನ ಬೆಂಚಿನೋನೇ. ಅಲ್ಲಿಂದ ಅರ್ಕಾವತ್ತು ನನಗೆ ತಪ್ಪಿಲ್ಲ, ಸೂರ್ಯ, ಕರ್ನಾಟಕ, ವರ್ಷ, ಎಲ್ಲಿ ಕಂಡ್ರೂ ಮೊದಲು ಆ ಹಿಂದಿನ ಬೆಂಚಿನೋನನ್ನ ಹುಡುಕ್ತೀನಿ. ಆಮೇಲೆ ಎಷ್ಟೋ ವರ್ಷಕ್ಕೆ ಗೊತ್ತಾಯ್ತು, ಆ ಪೌಡರನ್ನ 1969ರಲ್ಲಿ ಅಹಮದಾಬಾದಲ್ಲಿ ಶುರು ಮಾಡಿದ ಕರ್ಸನ್‌ಭಾಯಿ ಪಟೇಲ್ ತಮ್ಮ ಮಗಳು ನಿರುಪಮಾ ಹೆಸರನ್ನ ಮೊಟಕು ಮಾಡಿ ಇಟ್ಟಿದ್ದಂತೆ. ನಿರುಪಮಾ ಅಂತ ಪೂರ್ತಿ ಬರೆದ್ರೆ ಅರ್ಕಾವತ್ತೇ ಇಲ್ಲ ನೋಡಿ. ಅವರು ಮಗಳನ್ನ ಮುದ್ದಿಗೆ ಕರೆಯೋಕೆ ಹೋಗಿ ನನಗೆ ಮೂರು ತಿಂಗಳ ಕೆಲಸ.

ಒಟ್ಟು ಒಂದೂವರೆ ವರ್ಷ ಹಿಡೀತು. ಐದನೇ ಕ್ಲಾಸಿನ ಕೊನೇಲಿ ಎರಡನೇ ಪ್ಯಾರಾದಿಂದ ಓದೋಕೆ ಬಂತು, ತಡವರಿಸ್ತಾ. ಆಮೇಲಿನದ್ದು ಉದ್ದ ಹೇಳೋಕೆ ಏನಿಲ್ಲ. ಎಸ್ಸೆಸ್ಸೆಲ್ಸಿ ಎರಡನೇ ಸಲಕ್ಕೆ ಪಾಸು. ಬೆಂಗಳೂರಿಗೆ ಬಂದು ಒಂದು ಏಜೆನ್ಸಿಯಲ್ಲಿ ಲೈನ್ ಸೇಲ್ಸು, ಅಂಗಡಿ ಅಂಗಡಿಗೆ ಹೋಗಿ ಆರ್ಡರ್ ತಗೊಳ್ಳೋದು, ಈಗ ನಂದೇ ಸಣ್ಣ ಏಜೆನ್ಸಿ. ಸೋಪು ಬಿಸ್ಕತ್ತು ಮಾರೋದು ಬಿಟ್ಟು ಬೇರೆ ಏನು ಮಾಡೋಕಾಗ್ತಿತ್ತು ನನ್ ಕೈಲಿ.

2019ರಲ್ಲಿ ಮಗಳು ಮೂರನೇ ಕ್ಲಾಸಲ್ಲಿದ್ಲು, ಎಂಟು ವರ್ಷ. ಬೆಳಿಗ್ಗೆ ಹಾಲು ತರೋಕೆ ಕಳಿಸಿದ್ರೆ ನೀಲಿ ನಂದಿನಿ ಸರಿಯಾಗಿ ತರೋಳು. ಒಂದಿನ ಅದೇ ನಂದಿನಿ ಪದ ಅವಳ ಕನ್ನಡ ಪುಸ್ತಕದಲ್ಲಿ ಬಂದಿತ್ತು, ಹುಡುಗಿ ಹೆಸರಾಗಿ. ಓದೋಕೆ ಬರ್ಲಿಲ್ಲ. ನಾನು ಹತ್ರ ಹೋಗಿ ನೋಡಿದೆ, ಕಪ್ಪು ಅಕ್ಷರ, ಬಿಳೀ ಕಾಗದ. ನನ್ನ ಕೈ ತಣ್ಣಗಾಯ್ತು. ಹೆಂಡತಿ ಸ್ವಲ್ಪ ದಿನ ನೋಡೋಣ ಅಂದ್ಲು, ನಾನು ಕೇಳ್ಲಿಲ್ಲ, ನಿಮ್ಹಾನ್ಸ್‌ಗೆ ಕರ್ಕೊಂಡು ಹೋದ್ವಿ.

ಅಲ್ಲಿ ಮೊದಲು ಕಿವಿ, ಕಣ್ಣು ಸರಿ ಇದ್ಯಾ ಅಂತ ಖಾತ್ರಿ ಮಾಡ್ಕೊಂಡ್ರು. ಆಮೇಲೆ ಬುದ್ಧಿಮತ್ತೆ ಟೆಸ್ಟು, ಬಿನೆ ಕಾಮತ್ ಅಂತ ಅದರ ಹೆಸರು. ಮಗು ದಡ್ಡ ಅಲ್ಲ ಅಂತ ಗೊತ್ತಾದ್ಮೇಲೇ ಮುಂದಿಂದು. ಪ್ಯಾಸೇಜ್ ಓದಿಸಿದ್ರು, ಸ್ಪೆಲಿಂಗ್ ಬರೆಸಿದ್ರು, ಲೆಕ್ಕ, ಆಕಾರ ನೋಡಿ ಬರೆಯೋದು, ಅಂಕಿ ಹೇಳಿ ವಾಪಸ್ ಹೇಳಿಸೋದು. ಒಂದೇ ದಿನಕ್ಕೆ ಮುಗಿಯಲ್ಲ. ನಡುವೆ ನಮ್ಮನ್ನ ಕೂರಿಸ್ಕೊಂಡು ಡಾಕ್ಟ್ರಮ್ಮ ಒಬ್ಬರು ಕೇಳಿದ್ರು, ಮನೇಲಿ ಬೇರೆ ಯಾರಿಗಾದ್ರೂ ಓದೋಕೆ ಕಷ್ಟ ಇತ್ತಾ ಅಂತ. ಹೆಂಡತಿ ನನ್ ಕಡೆ ತಿರುಗಿದ್ಲು. ಹದಿಮೂರು ವರ್ಷ ಸಂಸಾರ ಮಾಡಿದ್ರೂ ಅವಳಿಗೆ ನಾನು ಪೂರ್ತಿ ಹೇಳಿರ್ಲಿಲ್ಲ, ಕನ್ನಡಕ ಮರ್ತೆ, ತಲೆನೋವು, ನೀನೇ ಓದು, ಹಿಂಗೇ ಕಳೆದಿದ್ದೆ. ಅಲ್ಲಿ ಕೂತು ಹೇಳಿದೆ, ನಕಲಿ ಪ್ಯಾಕೆಟ್ಟಿಂದ ಶುರು ಮಾಡಿ. ಇದು ಮನೆತನದಲ್ಲಿ ಬರೋದು ಸಾಮಾನ್ಯ, ನಿಮ್ಮ ತಪ್ಪೇನಿಲ್ಲ ಅಂದ್ರು ಅವರು. ಹೊರಗೆ ಬಂದು ಹೆಂಡತಿ ಹೇಳಿದ್ದು, "ಕನ್ನಡಕದ ಕಥೆ ನಾನು ಯಾವತ್ತೂ ನಂಬಿರ್ಲಿಲ್ಲ ಕಣ್ರೀ."

ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯಲ್ಲಿ ಈ ಡಿಸ್ಲೆಕ್ಸಿಯಾನೂ ಸೇರಿಸಿದಾರೆ, 21 ಥರದ ವೈಕಲ್ಯದಲ್ಲಿ ಕಲಿಕಾ ನ್ಯೂನತೆನೂ ಒಂದು. ಅದರ ಸರ್ಟಿಫಿಕೇಟ್ ಇದ್ರೆ ಪರೀಕ್ಷೆಗೆ ಗಂಟೆಗೆ 20 ನಿಮಿಷ ಜಾಸ್ತಿ ಕೊಡಬೇಕು ಅಂತ 2018ರ ಮಾರ್ಗಸೂಚಿಯಲ್ಲಿತ್ತು. ಆದ್ರೆ ಒಂದ್ಸಲ ಮಾಡಿಸಿದ್ರೆ ಮುಗೀತು ಅಂತಲ್ಲ, 14 ವರ್ಷಕ್ಕೆ ಮತ್ತೆ, 18ಕ್ಕೆ ಮತ್ತೆ ಟೆಸ್ಟ್ ಮಾಡಿಸಬೇಕು, ಇದನ್ನ ಎಷ್ಟೋ ಜನ ಮರೀತಾರೆ, ದಿನಾಂಕ ಬರೆದಿಟ್ಕೊಳ್ಳಿ. ವೈಕಲ್ಯ ಅನ್ನೋ ಪದಕ್ಕೆ ನಮ್ಮ ಬೀಗರ ಕಡೆಯೋರು ಮೂಗು ಮುರಿದ್ರು, ಹುಡುಗಿ ಮದುವೆಗೆ ತೊಂದರೆ ಅಂತ. ಎಂಟು ವರ್ಷದ ಮಗುಗೆ ಮದುವೆ ಯೋಚನೆ. ಇರ್ಲಿ.

ಟ್ರೇನಿಂಗ್ ಶುರುವಾಯ್ತು, ಸ್ಪೆಷಲ್ ಎಜುಕೇಟರ್ ಹತ್ರ ವಾರಕ್ಕೆ ಎರಡು ದಿನ. ಮೊದಲನೇ ದಿನ ನಾನೂ ಒಳಗೆ ಕೂತಿದ್ದೆ. ಮೇಡಂ ಒಂದು ಟ್ರೇ ತಂದ್ರು, ಅದರಲ್ಲಿ ಮರಳು, ಪಕ್ಕದಲ್ಲಿ ಜೇಡಿಮಣ್ಣಿನ ಉಂಡೆ. "ಲೆಟರ್ ಮಾಡ್ತಾ ಅದರ ಸೌಂಡ್ ಹೇಳು" ಅಂದ್ರು ಮಗಳಿಗೆ. ಕೈ, ಕಣ್ಣು, ಕಿವಿ, ಬಾಯಿ ಎಲ್ಲಾ ಒಟ್ಟಿಗೆ ಕೆಲಸ ಮಾಡಬೇಕು, ಇದು ಅಮೆರಿಕದಲ್ಲಿ 1930ರ ದಶಕದಿಂದ ಬಂದ ಪದ್ಧತಿ, ಆರ್ಟನ್ ಗಿಲ್ಲಿಂಗ್‌ಹ್ಯಾಮ್ ಅಂತ ವಿವರಿಸಿದ್ರು. ನನಗೆ ನಗು ತಡೆಯೋಕಾಗ್ಲಿಲ್ಲ. ಮೇಡಂ ಏನಾಯ್ತು ಸರ್ ಅಂದ್ರು. ಏನಿಲ್ಲ ಮೇಡಂ, ಇದಕ್ಕೆ ಊದುಬತ್ತಿ ವಾಸನೆ ಒಂದು ಕಮ್ಮಿ ಅಂದೆ.

ಮಗಳಿಗೆ ಈಗ 14. ಎರಡನೇ ಸಲದ ಟೆಸ್ಟು ಆಯ್ತು, ಸರ್ಟಿಫಿಕೇಟ್ ಇನ್ನೂ ಬರಬೇಕು. ಈ ದಸರಾ ರಜೆಯಲ್ಲಿ ಮೈಸೂರಿಗೆ ಹೋಗಿದ್ವಿ. ಅತ್ತೆ ಹೊಸೆಯೋದು ಬಿಟ್ಟು ಎಷ್ಟೋ ವರ್ಷ ಆಯ್ತು, ಮಿಷಿನ್ ಬಂದ್ವು, ಕಚ್ಚಾ ಕಡ್ಡಿ ವಿಯೆಟ್ನಾಮಿಂದ ಬರೋಕೆ ಶುರುವಾಯ್ತು, ಮನೆಮನೆಗೆ ಪುಡಿ ಕೊಟ್ಟು ಹೋಗೋರು ನಿಂತೋದ್ರು. ಅಡುಗೆಮನೇಲಿ ಕೂತು ಚಪಾತಿ ಹಿಟ್ಟು ನಾದ್ತಿದ್ರು, ನನ್ನ ಬಾಯಿಪಾಠದ ಕಥೆ, ಹಿಂದಿನ ಬೆಂಚು, ಎಲ್ಲಾ ಮಗಳಿಗೆ ಹೇಳ್ತಾ. ಮಗಳು ಈ ಕಥೆ ನನ್ನಿಂದ ನೂರು ಸಲ ಕೇಳಿದಾಳೆ, ಫೋನ್ ನೋಡ್ಕೊಂಡು ಹ್ಞೂಂ ಹ್ಞೂಂ ಅಂತಿದ್ಲು. ಅತ್ತೆ ಸ್ವಲ್ಪ ಹಿಟ್ಟು ಮುರಿದು, ಹೊಸೆದು, ಬೆರಳಲ್ಲಿ ಸುರುಳಿ ಮಾಡಿ ಲಟ್ಟಣಿಗೆ ಮಣೆ ಮೇಲೆ ಇಟ್ರು. ಕೈ ನಡುಗ್ತಿತ್ತು, ಆದ್ರೂ ಬಾಲ ಸರಿಯಾಗೇ ಬಂತು.

"ಇದು ಏನು ಹೇಳು ಕೂಸೇ."

ಮಗಳು ಬಗ್ಗಿ ನೋಡಿ ಅಂದ್ಲು, "ಕನ್ನಡ ಒಂಬತ್ತು."

ಅತ್ತೆ ನನ್ನ ಮುಖ ನೋಡಿದ್ರು, ನಾನು ಅವರ ಮುಖ. ಒಂಬತ್ತೂ ಹಂಗೇ ಇರುತ್ತೆ ಹೌದಲ್ಲ, ನಲವತ್ತು ವರ್ಷ ಆದ್ರೂ ನಮಗಿಬ್ಬರಿಗೂ ಹೊಳೆದಿರ್ಲಿಲ್ಲ. ಅತ್ತೆ ಅದನ್ನ ಎತ್ತಿ ಕಾದ ಕಾವಲಿ ಮೇಲೆ ಹಾಕಿದ್ರು. ಉಬ್ಬಿತು. ಮಗಳು ಅದಕ್ಕೆ ಒಂಚೂರು ತುಪ್ಪ ಸವರಿ ಮೊದಲು ಅದನ್ನೇ ತಿಂದ್ಲು.